ಕೆಲಸ ಕಳೆದುಕೊಂಡ ಗೆಳೆಯನಿಗೆ ಬೈಬಲಿನ ಯೆರೆಮೀಯ 29:11 ಕಳಿಸಲೇ, ಬೇರೆ ಯಾವುದಾದರೂ ಕೀರ್ತನೆಯೇ?

ಎರಡೂ ಬೇಡ.

ನಾನೂ ಇದನ್ನೇ ಮಾಡಿದವನು. ಚರ್ಚ್ ಕ್ವಾಯರ್‌ನಲ್ಲಿ ನನ್ನ ಪಕ್ಕ ನಿಂತು ಹಾಡುತ್ತಿದ್ದ ಗೆಳೆಯನ ಕೆಲಸ ಹೋಯಿತು. ಮಗು ಚಿಕ್ಕದು, ಮನೆ ಸಾಲ ಬೇರೆ. ಸೂರ್ಯೋದಯದ ಫೋಟೋ ಮೇಲೆ ಆ ವಚನ ಬರೆದಿರೋ ಚಿತ್ರ ಎಲ್ಲರ ವಾಟ್ಸಾಪ್‌ನಲ್ಲೂ ಓಡಾಡುತ್ತಲ್ವಾ, ಅದನ್ನೇ ಕಳಿಸಿದೆ. ನಿಮ್ಮ ಬಗ್ಗೆ ನನಗಿರುವ ಆಲೋಚನೆ ಹಿತದ್ದೇ, ಕೇಡಿನದ್ದಲ್ಲ ಅಂತ ದೇವರು ಹೇಳುವ ಮಾತು. ಸಾಲದ್ದಕ್ಕೆ ಕೆಳಗೆ ನನ್ನದೂ ಒಂದು ಸಾಲು: 'ನೋಡ್ತಿರು, ಮುಂದಿನ ತಿಂಗಳೊಳಗೆ ಇದಕ್ಕಿಂತ ಒಳ್ಳೇ ಕೆಲಸ ಸಿಗುತ್ತೆ.'

'ಹತ್ತನೇ ವಚನ ಓದಿದ್ದೀಯಾ?' ಅಂತ ಉತ್ತರ ಬಂತು.

ಓದಿರಲಿಲ್ಲ. ಬಾಬೆಲಿನಲ್ಲಿ 70 ವರ್ಷ ಕಳೆದಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ ಅನ್ನೋದು ಅಲ್ಲಿರೋ ಮಾತು. ಕ್ರಿ.ಪೂ. 597ರಲ್ಲಿ ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದ ಪತ್ರ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿನ ಒಳಿತಿಗೂ ಪ್ರಾರ್ಥಿಸಿ ಅನ್ನುತ್ತಾನೆ. ಅಂದರೆ ಸದ್ಯಕ್ಕೆ ವಾಪಸ್ ಬರೋ ಮಾತಿಲ್ಲ. ಓದಿಸಿಕೊಂಡ ಹಿರಿಯರಲ್ಲಿ ಎಷ್ಟು ಜನ 70 ವರ್ಷ ಬದುಕಿದ್ದಾರು? ಹನ್ನೊಂದನೇ ವಚನದ ಭರವಸೆ ಇದೆಲ್ಲ ಆದಮೇಲೆ ಬರುತ್ತದೆ. ನಾನು ಅದನ್ನು ಕಿತ್ತು ತಂದು ತಿಂಗಳ ಗಡುವು ಅಂಟಿಸಿದ್ದೆ.

ಗಡುವು ಅಂಟಿಸುವವನೂ ಆ ಪುಸ್ತಕದಲ್ಲಿದ್ದಾನೆ, ಒಂದು ಅಧ್ಯಾಯ ಹಿಂದೆ. ಹೆಸರು ಹನನ್ಯ, ಅವನೂ ಪ್ರವಾದಿ ಅನ್ನಿಸಿಕೊಂಡವನು. ಎರಡೇ ವರ್ಷ, ಎಲ್ಲರೂ ವಾಪಸ್ ಬರ್ತಾರೆ ಅಂತ ದೇವಾಲಯದಲ್ಲಿ ಜನರೆದುರೇ ಸಾರಿದ. ಬಾಬೆಲಿಗೆ ತಲೆಬಾಗಲೇಬೇಕು ಅನ್ನೋದರ ಗುರುತಾಗಿ ಯೆರೆಮೀಯ ಕುತ್ತಿಗೆಗೆ ಹಾಕಿಕೊಂಡಿದ್ದ ಮರದ ನೊಗ ಕಿತ್ತು ಮುರಿದುಹಾಕಿದ. ಜನಕ್ಕೆ ಕೇಳಬೇಕಾಗಿದ್ದೂ ಅದೇ. ಯೆರೆಮೀಯ ಮೊದಲು 'ಆಮೆನ್, ಹಾಗೇ ಆಗಲಿ' ಅಂದ, ಅದು ನನಗೆ ತುಂಬ ಇಷ್ಟ. ಅವನಿಗೇನು ಜನ ಸೆರೆಯಲ್ಲಿರಲಿ ಅಂತ ಆಸೆಯಿತ್ತಾ? ಆದರೆ ಆಗಿದ್ದು ಹನನ್ಯ ಹೇಳಿದಂತಲ್ಲ, ಯೆರೆಮೀಯ ಎಚ್ಚರಿಸಿದಂತೆಯೇ. ಹತ್ತು ವರ್ಷ ಕಳೆಯೋದರೊಳಗೆ ಯೆರೂಸಲೇಮೇ ಸುಟ್ಟುಹೋಯಿತು.

ಯೆರೆಮೀಯನ ಮಾತು ಕಳಿಸ್ತಿದ್ದೀನಿ ಅಂದುಕೊಂಡು ನಾನು ಕಳಿಸಿದ್ದು ಹನನ್ಯನ ಮಾತು. ಆಮೇಲೆ ಗೆಳೆಯ ನನ್ನ ಫೋನ್ ಎತ್ತಲಿಲ್ಲ. ಮನೆ ಖಾಲಿ ಮಾಡಿ ಊರಿಗೆ ಹೋದ ಸುದ್ದಿ ಬೇರೆಯವರಿಂದ ತಿಳಿಯಿತು.

'ಯಾವ ವಚನ' ಅನ್ನೋ ಪ್ರಶ್ನೆಯೇ ಸರಿಯಿಲ್ಲ. 32ನೇ ಅಧ್ಯಾಯ ನೋಡಿ. ಊರಿಗೆ ಬಾಬೆಲಿನವರ ಮುತ್ತಿಗೆ, ಯೆರೆಮೀಯ ಕಾವಲಿನಲ್ಲಿ ಬಂಧಿ. ಅಂಥಾ ಹೊತ್ತಲ್ಲಿ ಚಿಕ್ಕಪ್ಪನ ಮಗನಿಂದ ತನ್ನ ಹುಟ್ಟೂರು ಅನಾತೋತಿನ ಹೊಲ ಕೊಂಡ. 17 ಶೆಕೆಲ್ (ಆ ಕಾಲದ ತೂಕದ ಅಳತೆ) ಬೆಳ್ಳಿ ತೂಗಿ ಕೊಟ್ಟ, ಸಾಕ್ಷಿ ಹಾಕಿಸಿದ, ಪತ್ರಗಳನ್ನು ಮಣ್ಣಿನ ಮಡಕೆಯಲ್ಲಿ ಇಡಿಸಿದ. ಈ ನಾಡಲ್ಲಿ ಮತ್ತೆ ಜನ ಹೊಲ ಮನೆ ಕೊಳ್ಳುತ್ತಾರೆ ಅಂತ ಹೇಳೋಕೆ ಮೊದಲು ತನ್ನ ಜೇಬಿನಿಂದ ದುಡ್ಡು ಬಿಚ್ಚಿದ.

ನಿಮ್ಮ ಗೆಳೆಯನಿಗೂ ಅಷ್ಟೇ. ಈ ತಿಂಗಳ ಬಾಡಿಗೆ ಕಟ್ಟಿದ್ದಾರಾ ಕೇಳಿ, ಇಲ್ಲ ಅಂದರೆ ಆದಷ್ಟು ಕಳಿಸಿ. ವಚನ ಬೇಕು ಅಂತ ಅವರೇ ಕೇಳಿದರೆ ಪತ್ರ ಪೂರ್ತಿ ಓದಿ ಹೇಳಿ, ಹತ್ತನೆಯದು ಹಾರಿಸಬೇಡಿ.