ಡ್ರಿಪ್ ಹಾಕಿದ ಮೇಲೂ ಓಡಾಡಬಹುದಾ?

ಪ್ರಶ್ನೆ: ನಾನಿರೋದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಚೊಚ್ಚಲ ಬಸುರಿ, ಈಗ 37ನೇ ವಾರ. ಹೋದ ವಾರದ ಪರೀಕ್ಷೆಯಲ್ಲಿ ಗ್ರೂಪ್ ಬಿ ಸ್ಟ್ರೆಪ್ ಅನ್ನೋ ಬ್ಯಾಕ್ಟೀರಿಯಾ ಪಾಸಿಟಿವ್ ಬಂತು. ನೋವು ಶುರುವಾದಾಗಿಂದ ಹೆರಿಗೆ ಆಗುವವರೆಗೂ ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಕೊಡ್ತಾರಂತೆ. ಬಾಣಂತನಕ್ಕೆ ದಾವಣಗೆರೆಯಿಂದ ಬಂದಿರುವ ಅಮ್ಮ "ನೋವು ಬಂದಾಗ ಮಲಗಬೇಡ, ಓಡಾಡ್ತಾ ಇರು" ಅಂತ ದಿನಾ ಹೇಳ್ತಾರೆ. ಕೈಗೆ ಸೂಜಿ ಚುಚ್ಚಿಸಿಕೊಂಡು ಓಡಾಡೋದು ಹೇಗೆ? ಆಂಟಿಬಯೋಟಿಕ್ ಬೇಡ ಅಂದುಬಿಡಲಾ?
– ಹೆಸರು ಬೇಡ

ಉತ್ತರ: ಬೇಡ ಅನ್ನಬೇಡಿ. ಓಡಾಟವನ್ನೂ ಬಿಡಬೇಡಿ. ಎರಡೂ ಒಟ್ಟಿಗೆ ಆಗುವಂಥದ್ದೇ.

ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಇದು ಕೊಳಕಿನಿಂದ ಬರೋ ಕಾಯಿಲೆ ಅಲ್ಲ, ಗಂಡನಿಂದ ಅಂಟಿದ್ದೂ ಅಲ್ಲ. ಇದನ್ನೂ ಚಿಕ್ಕದಾಗಿ ಜಿಬಿಎಸ್ ಅಂತಾರೆ, ಆದರೆ ಪುಣೆಯಲ್ಲಿ 2025ರಲ್ಲಿ ಜಿಬಿಎಸ್ ಅಂತ ಸುದ್ದಿಯಾಯ್ತಲ್ಲ, ಆ ನರದ ಕಾಯಿಲೆಗೂ ಇದಕ್ಕೂ ಸಂಬಂಧವೇ ಇಲ್ಲ. ಈ ಬ್ಯಾಕ್ಟೀರಿಯಾ ಕರುಳಲ್ಲಿ, ಯೋನಿಯಲ್ಲಿ ಸುಮ್ನೆ ಇದ್ದುಬಿಡುತ್ತದೆ. ಅಮೆರಿಕದಲ್ಲಿ ನಾಲ್ಕು ಬಸುರಿಯರಲ್ಲಿ ಒಬ್ಬರಿಗೆ ಇರುತ್ತದೆ. ತಾಯಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ, ಭಯ ಇರೋದು ಮಗುವಿಗೆ. ಹೊರಗೆ ಬರುವಾಗ ತಗುಲಿಕೊಂಡರೆ ಕೆಲವು ಮಕ್ಕಳಿಗೆ ಮೊದಲ ವಾರದಲ್ಲೇ ರಕ್ತದ ಸೋಂಕು, ನ್ಯುಮೋನಿಯಾ, ಮಿದುಳು ಪೊರೆಯ ಸೋಂಕು ಆಗುತ್ತದೆ. ಪಾಸಿಟಿವ್ ಇರುವ ತಾಯಿ ಹೆರಿಗೆ ವೇಳೆ ಆಂಟಿಬಯೋಟಿಕ್ ತಗೊಳ್ಳದಿದ್ದರೆ 200 ಮಕ್ಕಳಲ್ಲಿ ಒಂದಕ್ಕೆ ಈ ಸೋಂಕು, ತಗೊಂಡರೆ 4,000ದಲ್ಲಿ ಒಂದಕ್ಕೆ ಅನ್ನೋದು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೊಡುವ ಲೆಕ್ಕ. ಈಗಲೇ ಮಾತ್ರೆ ನುಂಗಿ ಮುಗಿಸೋಣ ಅಂದರೆ ಆಗೋದಿಲ್ಲ, ಹೆರಿಗೆ ಹೊತ್ತಿಗೆ ಅದು ಮತ್ತೆ ಬೆಳೆದಿರುತ್ತದೆ.

ಇನ್ನು ಓಡಾಟ. ನೀವು ಅಂದುಕೊಂಡಂತೆ ಬಾಟಲಿ ಇಡೀ ಹೊತ್ತು ನೇತಾಡುತ್ತಾ ಇರೋದಿಲ್ಲ. ಪೆನಿಸಿಲಿನ್ ಆದರೆ ಮೊದಲು 50 ಲಕ್ಷ ಯೂನಿಟ್, ಆಮೇಲೆ ಮಗು ಹುಟ್ಟುವವರೆಗೂ 4 ಗಂಟೆಗೊಮ್ಮೆ 25ರಿಂದ 30 ಲಕ್ಷ ಯೂನಿಟ್. ಒಂದೊಂದು ಡೋಸ್ ಒಳಗೆ ಹೋಗೋಕೆ ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ಅದು ಮುಗಿದ ಮೇಲೆ ನರ್ಸ್ ಟ್ಯೂಬ್ ಬಿಚ್ಚಿ, ಕೈಯಲ್ಲೇ ಉಳಿಯುವ ಸಣ್ಣ ಕೊಳವೆಗೆ, ಅಂದರೆ ಕ್ಯಾನುಲಾಕ್ಕೆ, ಒಂದಿಷ್ಟು ಸಲೈನ್ ಹಾಕಿ, ಮುಚ್ಚಳ ಹಾಕಿ, ಟೇಪ್ ಅಂಟಿಸಿಬಿಡಬಹುದು. ಇದಕ್ಕೆ ಸಲೈನ್ ಲಾಕ್ ಅಂತಾರೆ. ಮುಂದಿನ ಡೋಸ್ ತನಕ ಮೂರೂವರೆ ಗಂಟೆ ನಿಮ್ಮ ಕೈ ನಿಮ್ಮದೇ: ನಡೀರಿ, ಗೋಡೆ ಹಿಡಿದು ಸೊಂಟ ಆಡಿಸಿ, ದೊಡ್ಡ ಬಾಲ್ ಮೇಲೆ ಕೂರಿ, ಮಂಡಿಯೂರಿ ಹಾಸಿಗೆಗೆ ಒರಗಿ, ಕ್ಯಾನುಲಾ ನೆನೆಯದ ಹಾಗೆ ಪ್ಲಾಸ್ಟಿಕ್ ಸುತ್ತಿಸಿಕೊಂಡು ಬಿಸಿನೀರಿನ ಶವರ್ ಕೆಳಗೂ ನಿಲ್ಲಿ. ಔಷಧಿ ಹೋಗ್ತಿರುವ ಆ ಅರ್ಧ ಗಂಟೆಯೂ ಮಲಗಲೇಬೇಕು ಅಂತಿಲ್ಲ, ಡ್ರಿಪ್ ಸ್ಟ್ಯಾಂಡಿಗೆ ಚಕ್ರ ಇರುತ್ತದೆ.

ಆದರೆ ಇದನ್ನೆಲ್ಲ ನೀವೇ ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಎಷ್ಟೋ ಕಡೆ ರೂಢಿ ಪ್ರಕಾರ ಸಲೈನ್ ಬಾಟಲಿ ಹಚ್ಚಿ ಹಾಗೇ ಬಿಟ್ಟಿರುತ್ತಾರೆ. ಸೂಜಿಯನ್ನು ಮೊಣಕೈ ಮಡಚುವಲ್ಲಿ, ಮಣಿಕಟ್ಟಿನಲ್ಲಿ ಬೇಡ, ಇವೆರಡರ ನಡುವೆ ಹಾಕಿ ಅಂತ ಕೇಳಿ. ಮಣಿಕಟ್ಟಿನಲ್ಲಿದ್ದರೆ ಕೈಯೂರಿ ಮಂಡಿಯೂರೋಕೆ ಆಗೋದಿಲ್ಲ. ಪೆನಿಸಿಲಿನ್ ಹೋಗುವಾಗ ಕೆಲವರಿಗೆ ರಕ್ತನಾಳದುದ್ದಕ್ಕೂ ಉರಿ ಬರುತ್ತದೆ. ಹಲ್ಲು ಕಚ್ಚಿಕೊಂಡು ಸಹಿಸಬೇಡಿ, ಹೇಳಿ. ವೇಗ ಕಡಿಮೆ ಮಾಡಿದರೆ ಎಷ್ಟೋ ವಾಸಿ. ಹಿಂದೆ ಯಾವಾಗಲಾದರೂ ಪೆನಿಸಿಲಿನ್‌ಗೆ ಮೈಮೇಲೆ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಅದನ್ನು ಈಗಲೇ ಡಾಕ್ಟರಿಗೆ ತಿಳಿಸಿ. ಬೇರೆ ಔಷಧಿ ಇದೆ, ಅದನ್ನು ಮೊದಲೇ ಆರಿಸಿಡಬೇಕು.

ನಿಜ ಹೇಳಬೇಕೆಂದರೆ ಅಲ್ಲಿನ ಆಸ್ಪತ್ರೆಗಳಲ್ಲಿ ಹೆಂಗಸರನ್ನು ಮಂಚದಲ್ಲೇ ಇರಿಸೋದು ಡ್ರಿಪ್‌ಗಿಂತ ಜಾಸ್ತಿ ಹೊಟ್ಟೆಗೆ ಕಟ್ಟುವ ಬೆಲ್ಟು, ಮಗುವಿನ ಎದೆಬಡಿತ ನೋಡೋಕೆ ಕಟ್ಟುವಂಥದ್ದು. ಎಲ್ಲ ಸರಿ ಇದ್ದರೆ ಮಧ್ಯೆ ಮಧ್ಯೆ ನೋಡಿದರೆ ಸಾಕಾ, ವೈರ್ ಇಲ್ಲದ ಮಾನಿಟರ್ ಇದೆಯಾ ಅಂತ ಕೇಳಿ. ನೋವು ಗೊತ್ತಾಗದಂತೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ತಗೊಂಡು ಕಾಲು ಜೋಮು ಹಿಡಿದಿದ್ದರೆ, ರಕ್ತ ಹೋಗ್ತಿದ್ದರೆ, ಮಗುವಿನ ತಲೆ ಇನ್ನೂ ಮೇಲಿರುವಾಗಲೇ ನೀರು ಒಡೆದಿದ್ದರೆ, ಎದೆಬಡಿತದಲ್ಲಿ ಏರುಪೇರಾಗಿದ್ದರೆ ಮಾತ್ರ ಅವರು ಹೇಳಿದಂತೆ ಕೇಳಬೇಕು.

ಅಮ್ಮನ ಮಾತಲ್ಲಿ ಹುರುಳಿದೆ ಕಣ್ರೀ. ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದ 2013ರ ಕೊಕ್ರೇನ್ ವರದಿ ಪ್ರಕಾರ, ಎದ್ದು ಓಡಾಡುತ್ತಿದ್ದವರಿಗೆ ಹೆರಿಗೆಯ ಮೊದಲ ಹಂತ ಸುಮಾರು 1 ಗಂಟೆ 20 ನಿಮಿಷ ಬೇಗ ಮುಗಿದಿತ್ತು. ಒಂದು ಕಡೆ ಮಾತ್ರ ಅವರ ಕಾಲದ ಲೆಕ್ಕ ನಿಮಗೆ ಹೊಂದೋದಿಲ್ಲ. ನೋವು ಜೋರಾಗುವವರೆಗೂ ಮನೆಯಲ್ಲೇ ತಿರುಗಾಡಿಕೊಂಡಿರೋಣ ಅಂತ ಕೂರಬೇಡಿ. ಮಗು ಹುಟ್ಟೋಕೆ ಕನಿಷ್ಠ 4 ಗಂಟೆ ಮೊದಲು ಮೊದಲ ಡೋಸ್ ಹೋಗಿದ್ದರೆ ಒಳ್ಳೇದು. ನೋವು ಶುರುವಾಗಿದೆ ಅನ್ನಿಸಿದರೆ ಫೋನ್ ಮಾಡಿ. ನೀರು ಒಡೆದರಂತೂ ನೋವಿಲ್ಲದಿದ್ದರೂ ತಕ್ಷಣ ಫೋನ್ ಮಾಡಿ, ಪಾಸಿಟಿವ್ ಅನ್ನೋದನ್ನು ಮೊದಲ ಮಾತಲ್ಲೇ ಹೇಳಿ. ಓಡಾಟ ಆಸ್ಪತ್ರೆ ವರಾಂಡದಲ್ಲೇ ಆಗಲಿ.

ಪ್ರಶ್ನೆ: ಅಕ್ಕ ಲಂಡನ್ನಿನಲ್ಲಿದ್ದಾಳೆ, ನಾನು ಶಿವಮೊಗ್ಗದಲ್ಲಿ. ಇಬ್ಬರೂ ಬಸುರಿಯರು. ಇಬ್ಬರಿಗೂ ಈ ಪರೀಕ್ಷೆ ಮಾಡಿಲ್ಲ. ತಪ್ಪಾಯ್ತಾ?
– ತಂಗಿ

ಉತ್ತರ: ತಪ್ಪಲ್ಲ. ಬ್ರಿಟನ್ನಿನ ಸರ್ಕಾರಿ ವ್ಯವಸ್ಥೆಯಲ್ಲೂ ಇದು ಎಲ್ಲರಿಗೂ ಮಾಡುವ ಪರೀಕ್ಷೆಯಲ್ಲ, ನಮ್ಮಲ್ಲೂ ಅಲ್ಲ. ಯಾರಿಗೆ ಅಪಾಯ ಜಾಸ್ತಿ ಅಂತ ನೋಡಿ ಆಂಟಿಬಯೋಟಿಕ್ ಕೊಡ್ತಾರೆ. 37 ವಾರಕ್ಕೆ ಮೊದಲೇ ನೋವು ಬಂದವರು, ಹೆರಿಗೆ ವೇಳೆ ಜ್ವರ ಬಂದವರು, ಈ ಬಸುರಿನಲ್ಲಿ ಮೂತ್ರದಲ್ಲಿ ಈ ಬ್ಯಾಕ್ಟೀರಿಯಾ ಸಿಕ್ಕವರು, ಹಿಂದಿನ ಮಗುವಿಗೆ ಇದೇ ಸೋಂಕು ಆಗಿದ್ದವರು. ನಿಮ್ಮ ಮೂತ್ರ ಪರೀಕ್ಷೆಯ ಹಳೇ ಚೀಟಿಗಳನ್ನು ಎಸೆಯದೆ ತಾಯಿ ಕಾರ್ಡ್ ಜೊತೆ ಇಟ್ಟುಕೊಳ್ಳಿ, ಹೆರಿಗೆಗೆ ಹೋದಾಗ ಸಿಸ್ಟರ್‌ಗೆ ತೋರಿಸಿ. ಹುಟ್ಟಿದ ಮೇಲೆ ಮಗು ಹಾಲು ಕುಡಿಯದೆ ಮಂಕಾದರೆ, ನರಳಿದಂತೆ ಉಸಿರಾಡಿದರೆ, ಮೈ ತೀರಾ ಬಿಸಿ ಅಥವಾ ತಣ್ಣಗಾದರೆ ಬೆಳಗಾಗಲಿ ಅಂತ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ.