ಎಥೀರಿಯಂನಲ್ಲಿರೋ ಯುಎಸ್‌ಡಿಸಿನ ಆರ್ಬಿಟ್ರಮ್‌ಗೆ ತರೋಕೆ ಬ್ರಿಡ್ಜ್ ನಂಬ್ಬಹುದಾ, ನೇರ ಕಳ್ಸಿದ್ರೆ ಆಗಲ್ವಾ?

ನೀವು ಕೇಳಿರೋದು ಎರಡು ವಿಷಯ. ನಿಮ್ಮ ವ್ಯಾಲೆಟ್‌ನಲ್ಲಿ ಎಥೀರಿಯಂ ಅನ್ನೋ ಬ್ಲಾಕ್‌ಚೈನ್ ಮೇಲೆ 300 ಡಾಲರ್‌ನಷ್ಟು ಯುಎಸ್‌ಡಿಸಿ (ಡಾಲರ್ ಬೆಲೆಗೆ ಕಟ್ಟಿರೋ ಕ್ರಿಪ್ಟೋ ಟೋಕನ್) ಇದೆ, ಅದನ್ನ ಆರ್ಬಿಟ್ರಮ್ ಅನ್ನೋ ಇನ್ನೊಂದು ನೆಟ್‌ವರ್ಕ್‌ಗೆ ತರ್ಬೇಕು, ಅದಕ್ಕೆ ಬಳಸೋ ಬ್ರಿಡ್ಜ್ ಸೇಫಾ ಅನ್ನೋದು ಒಂದು. ಟೆಲಿಗ್ರಾಂ ಗ್ರೂಪಲ್ಲಿ ಯಾರೋ "ಎರಡು ಕಡೆನೂ ಅಡ್ರೆಸ್ ಒಂದೇ ತಾನೆ, ನಿಂಗೆ ನೀನೇ ಕಳ್ಸ್ಕೊ, ಅಲ್ಲಿಗೆ ಹೋಗತ್ತೆ" ಅಂದ್ರಂತೆ, ಅದು ನಿಜಾನಾ ಅನ್ನೋದು ಇನ್ನೊಂದು.

ಎರಡನೇದನ್ನ ಮೊದ್ಲು ಮುಗಿಸ್ತೀನಿ. ಹೋಗಲ್ಲ. ವ್ಯಾಲೆಟ್‌ನ ಕೀ (ಗುಟ್ಟಿನ ಪಾಸ್‌ವರ್ಡ್ ಥರದ್ದು) ಒಂದೇ ಆಗಿರೋದ್ರಿಂದ ಅಡ್ರೆಸ್ ಒಂದೇ ಕಾಣತ್ತೆ, ಅಷ್ಟೇ, ಎಥೀರಿಯಂ ಲೆಕ್ಕದ ಪುಸ್ತಕನೇ ಬೇರೆ ಆರ್ಬಿಟ್ರಮ್ ಪುಸ್ತಕನೇ ಬೇರೆ. ನಿಮಗೆ ನೀವೇ ಕಳಿಸ್ಕೊಂಡ್ರೆ ಯುಎಸ್‌ಡಿಸಿ ಎಥೀರಿಯಂನಲ್ಲೇ ಇದ್ದಲ್ಲೇ ಇರತ್ತೆ, ಗ್ಯಾಸ್, ಅಂದ್ರೆ ನೆಟ್‌ವರ್ಕ್‌ಗೆ ಕಟ್ಟೋ ಫೀಸ್, ದಂಡ. ಇನ್ನು ಎಕ್ಸ್‌ಚೇಂಜ್‌ನ ಡೆಪಾಸಿಟ್ ಅಡ್ರೆಸ್‌ಗೆ ಬೇರೆ ನೆಟ್‌ವರ್ಕಿಂದ ಕಳಿಸೋದಂತೂ ಮಾಡ್ಲೇಬೇಡಿ, ಆ ಅಡ್ರೆಸ್ಸಿನ ಕೀ ಅವರ ಹತ್ರ ಇರತ್ತೆ, ನಿಮ್ಮ ಹತ್ರ ಇರಲ್ಲ, ಅವ್ರು ಮನಸ್ಸು ಮಾಡಿದ್ರೆ ವಾಪಸ್ಸು ಇಲ್ಲಾಂದ್ರೆ ಇಲ್ಲ.

ಈಗ ಬ್ರಿಡ್ಜ್. ಹೆಸರು ಕೇಳಿದ್ರೆ ನಮ್ಮ ಕಾಯಿನ್ ಈ ದಡದಿಂದ ಆ ದಡಕ್ಕೆ ಓಡಾಡತ್ತೆ ಅನ್ಸತ್ತೆ, ಆದ್ರೆ ಯಾವ ಕಾಯಿನ್ನೂ ತನ್ನ ಚೈನ್ ಬಿಟ್ಟು ಆಚೆ ಹೋಗಲ್ಲ. ನಮ್ಮ ತುಮಕೂರು ಕಡೆ ಹುಣಸೆಹಣ್ಣಿನ ವ್ಯಾಪಾರ ನೋಡಿದೀರಲ್ಲ, ರೇಟ್ ಇಲ್ದಾಗ ಮಾಲನ್ನ ಕೋಲ್ಡ್ ಸ್ಟೋರೇಜಲ್ಲಿ ಇಟ್ಟು ರಸೀದಿ ತಗೊಂಡ್ ಬರ್ತಾರೆ, ಆಮೇಲೆ ಮಾಲು ಅಲ್ಲೇ ಇದ್ರೂ ರಸೀದಿ ಮೇಲೇನೇ ವ್ಯವಹಾರ ಆಗತ್ತೆ. ಬಹಳಷ್ಟು ಬ್ರಿಡ್ಜ್ ಮಾಡೋದು ಇದೇ, ಇಲ್ಲಿ ನಿಮ್ಮ ಟೋಕನ್ ಒಂದು ಕಾಂಟ್ರಾಕ್ಟ್‌ನಲ್ಲಿ (ಚೈನ್ ಮೇಲೆ ತಾನಾಗೇ ಓಡೋ ಪ್ರೋಗ್ರಾಂ) ಲಾಕ್ ಆಗತ್ತೆ, ಅಲ್ಲಿ ಅಷ್ಟೇ ಬೆಲೆಯ ಹೊಸ ಟೋಕನ್ ಹುಟ್ಟತ್ತೆ. ಗೋಡೌನಲ್ಲಿ ಮಾಲು ಕಳ್ವಾದ್ರೆ ಕೈಲಿರೋ ರಸೀದಿಗೆ ಏನು ಬೆಲೆ? ಹಾಗಾಗಿ "ಬ್ರಿಡ್ಜ್ ಸೇಫಾ" ಅಂತ ಕೇಳೋ ಬದ್ಲು ಈ ಬ್ರಿಡ್ಜಿನ ಬೀಗದ ಕೈ ಯಾರತ್ರ ಇದೆ ಅಂತ ಕೇಳ್ಬೇಕು.

ಇದು ಸುಮ್ನೆ ಹೆದರ್ಸೋಕೆ ಹೇಳ್ತಿರೋದಲ್ಲ. 2022ರ ಮಾರ್ಚಲ್ಲಿ ರೋನಿನ್ ಬ್ರಿಡ್ಜ್ ಕಥೆ ನೋಡಿ, ಆಕ್ಸಿ ಇನ್ಫಿನಿಟಿ ಗೇಮ್ ಇತ್ತಲ್ಲ, ಅವರದ್ದು. ದುಡ್ಡು ಬಿಡೋಕೆ 9 ವ್ಯಾಲಿಡೇಟರ್‌ಗಳಲ್ಲಿ (ವ್ಯವಹಾರ ಸರಿ ಅಂತ ಸಹಿ ಹಾಕೋರು) 5 ಜನದ ಸಹಿ ಸಾಕಾಗಿತ್ತು, ಅದ್ರಲ್ಲಿ 4 ಕೀ ಒಂದೇ ಕಂಪನಿ ಹತ್ರ, ಕಳ್ಳರಿಗೆ ಆ ನಾಲ್ಕು ಮತ್ತೆ ಇನ್ನೊಂದು ಸಿಕ್ತು, 1,73,600 ಈಥರ್ (ಎಥೀರಿಯಂನ ಸ್ವಂತ ಕಾಯಿನ್) ಮತ್ತೆ 2.55 ಕೋಟಿ ಯುಎಸ್‌ಡಿಸಿ ಎತ್ಕೊಂಡು ಹೋದ್ರು, ಆಗಿನ ಲೆಕ್ಕದಲ್ಲಿ 60 ಕೋಟಿ ಡಾಲರ್‌ಗೂ ಮೇಲೆ. ತಮಾಷೆ ಅಂದ್ರೆ ಆರು ದಿನ ಯಾರಿಗೂ ಗೊತ್ತೇ ಆಗ್ಲಿಲ್ಲ, ಯಾರೋ ಒಬ್ರು 5,000 ಈಥರ್ ತೆಗೆಯೋಕೆ ಹೋಗಿ ಬರ್ದೇ ಇದ್ದಾಗ ನೋಡಿದ್ರೆ ಖಾಲಿ. ಆಮೇಲೆ ಅಮೆರಿಕಾದ ಎಫ್‌ಬಿಐ ಇದು ಉತ್ತರ ಕೊರಿಯಾದ ಲಜಾರಸ್ ಗುಂಪಿನ ಕೆಲಸ ಅಂತು. ಅದೇ ವರ್ಷ ಫೆಬ್ರವರಿಯಲ್ಲಿ ವರ್ಮ್‌ಹೋಲ್ ಅನ್ನೋ ಇನ್ನೊಂದು ಬ್ರಿಡ್ಜ್‌ನಲ್ಲಿ ಕೀ ಕಳುವೂ ಆಗಿರ್ಲಿಲ್ಲ, ಸಹಿ ಪರೀಕ್ಷೆ ಮಾಡೋ ಕೋಡಲ್ಲೇ ತೂತು, ಕಳ್ಳ ಒಂದು ಪೈಸೆ ಇಡದೇ ಸೊಲಾನಾ ಅನ್ನೋ ಚೈನ್ ಕಡೆ 1,20,000 ಈಥರ್‌ಗೆ ರಸೀದಿ ಹರಿಸ್ಕೊಂಡ. ಅವರ ಹಿಂದೆ ನಿಂತಿದ್ದ ಜಂಪ್ ಕ್ರಿಪ್ಟೋ ಜೇಬಿಂದ ತುಂಬಿ ಕೊಡ್ತು ಅಂತ ಜನ ಬಚಾವಾದ್ರು. ಆಗಸ್ಟಲ್ಲಿ ನೋಮ್ಯಾಡ್ ಬ್ರಿಡ್ಜ್‌ದು ಇನ್ನೂ ಕೆಟ್ಟದು, ಮೊದಲನೇ ಕಳ್ಳನ ಟ್ರಾನ್ಸಾಕ್ಷನ್ನನ್ನ ಕಾಪಿ ಮಾಡಿ ತಮ್ಮ ಅಡ್ರೆಸ್ ಹಾಕಿ ಸಿಕ್ ಸಿಕ್ಕಿದವ್ರೆಲ್ಲಾ ಬಾಚ್ಕೊಂಡ್ರು.

ಹಾಗಂತ ನಿಮ್ಮ ಕೆಲಸಕ್ಕೆ ಅಷ್ಟು ಭಯ ಬೇಡ, ಯಾಕಂದ್ರೆ ಆರ್ಬಿಟ್ರಮ್ ಎಥೀರಿಯಂ ಮೇಲೇನೇ ಕೂತಿರೋ ಲೇಯರ್ 2. ಅದರ ಸ್ವಂತ ಬ್ರಿಡ್ಜ್ ಇದೆ, ಅಲ್ಲಿ ಹೊರಗಿನ ಐದಾರು ಜನ ಸಹಿದಾರರನ್ನ ಬೇರೆ ನಂಬ್ಬೇಕಾಗಿಲ್ಲ, ಆರ್ಬಿಟ್ರಮ್ಮನ್ನ ನಂಬಿದ್ರೆ ಅದನ್ನೂ ನಂಬಿದ ಹಾಗೆ. ಹೋಗೋದು ಹತ್ತು ಹದಿನೈದು ನಿಮಿಷ. ಬರೋದು ಮಾತ್ರ ಸುಮಾರು 7 ದಿನ, ಯಾರಾದ್ರೂ ಸುಳ್ಳು ಲೆಕ್ಕ ಕೊಟ್ಟಿದ್ರೆ ತಕರಾರು ಹಾಕೋಕೆ ಬಿಟ್ಟಿರೋ ಟೈಮ್ ಅದು, ಬಹಳ ಜನ ಇದು ಗೊತ್ತಿಲ್ದೆ ವಾಪಸ್ ಕಳ್ಸಿ ದುಡ್ಡು ಹೋಯ್ತು ಅಂತ ಬಡ್ಕೋತಾರೆ. ಅಕ್ರಾಸ್ ಥರದ ಬೇರೆ ಬ್ರಿಡ್ಜ್‌ಗಳು ಬೇಗ ಮಾಡ್ತವೆ, ಅಲ್ಲಿ ಬೇರೆಯವ್ರು ತಮ್ಮ ದುಡ್ಡಿಂದ ಆ ಕಡೆ ನಿಮಗೆ ಕೊಟ್ಟು, ಈ ಕಡೆ ನಿಮ್ಮದನ್ನ ಆಮೇಲೆ ವಸೂಲಿ ಮಾಡ್ಕೋತಾರೆ, ಅದಕ್ಕೆ ಕಮಿಷನ್.

ಯುಎಸ್‌ಡಿಸಿಗೆ ಮಾತ್ರ ಇನ್ನೂ ಒಂದು ದಾರಿ ಇದೆ, ನಂಗೆ ಅದೇ ಇಷ್ಟ. ಯುಎಸ್‌ಡಿಸಿ ಹೊರಡಿಸೋ ಸರ್ಕಲ್ ಕಂಪನಿಯದೇ ಸಿಸಿಟಿಪಿ ಅಂತ, 2023ರಲ್ಲಿ ಬಂದಿದ್ದು. ಇದ್ರಲ್ಲಿ ಲಾಕ್ ಇಲ್ಲ ರಸೀದಿ ಇಲ್ಲ, ಎಥೀರಿಯಂನಲ್ಲಿರೋದನ್ನ ಸುಟ್ಟು ಆರ್ಬಿಟ್ರಮ್‌ನಲ್ಲಿ ಅಸಲಿ ಯುಎಸ್‌ಡಿಸಿನೇ ಹೊಸದಾಗಿ ಹುಟ್ಟಿಸ್ತಾರೆ, ಕದಿಯೋಕೆ ಗೋಡೌನೇ ಇರಲ್ಲ. ಸರ್ಕಲ್ಲನ್ನ ನಂಬ್ಬೇಕು, ಅದು ಯುಎಸ್‌ಡಿಸಿ ಇಟ್ಕೊಂಡಾಗ್ಲೇ ನಂಬಿದೀವಿ ಬಿಡಿ. ಬ್ರಿಡ್ಜ್ ಪೇಜಲ್ಲಿ ದಾರಿ ಆರಿಸೋವಾಗ ಆ ಹೆಸರು ಇದ್ಯಾ ನೋಡಿ.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ಆರ್ಬಿಟ್ರಮ್‌ನಲ್ಲಿ ಎರಡು ಯುಎಸ್‌ಡಿಸಿ ಇದೆ. 2023ರ ಜೂನ್ ತನಕ ಅಲ್ಲಿ ಇದ್ದಿದ್ದು ಬರೀ ಬ್ರಿಡ್ಜ್ ಆಗಿ ಬಂದಿದ್ದು, ಅಸಲಿದು ಬಂದ ಮೇಲೆ ಹಳೇದಕ್ಕೆ ಯುಎಸ್‌ಡಿಸಿ ಡಾಟ್ ಇ ಅಂತ ಹೆಸರಿಟ್ರು. ಇಲ್ಲಿ ನಮ್ಮ ಏರಿಯಾ ಹುಡುಗ ಒಬ್ಬ ಇಂಜಿನಿಯರಿಂಗ್ ಓದ್ತಾನೆ, ಮುಖ ಸಣ್ಣದು ಮಾಡ್ಕೊಂಡು ಫೋನ್ ಹಿಡ್ಕೊಂಡು ಬಂದ, "ಅಣ್ಣಾ ಕಳ್ಸಿದೀನಿ, ಸಕ್ಸಸ್ ಅಂತಿದೆ, ಬ್ಯಾಲೆನ್ಸ್ ಸೊನ್ನೆ." ಆರ್ಬಿಟ್ರಮ್ ಲೆಕ್ಕ ತೋರ್ಸೋ ಆರ್ಬಿಸ್ಕ್ಯಾನ್ ಸೈಟ್‌ನಲ್ಲಿ ಅವನ ಅಡ್ರೆಸ್ ಹಾಕಿ ನೋಡಿದ್ರೆ ದುಡ್ಡು ನೆಟ್ಟಗೆ ಕೂತಿದೆ, ಡಾಟ್ ಇ ರೂಪದಲ್ಲಿ, ವ್ಯಾಲೆಟ್ಟಲ್ಲಿ ಆ ಟೋಕನ್ ಸೇರಿಸಿಲ್ದೇ ಇರೋದ್ರಿಂದ ಕಾಣ್ತಿಲ್ಲ. ಸೇರಿಸಿದ ತಕ್ಷಣ ಬಂತು. ಆದ್ರೆ ಅದನ್ನ ಅಸಲಿಗೆ ಬದಲಾಯಿಸೋಣ ಅಂದ್ರೆ ಆಗ್ಲಿಲ್ಲ, ಆರ್ಬಿಟ್ರಮ್‌ನಲ್ಲಿ ಏನೇ ಮುಟ್ಬೇಕಂದ್ರೂ ಗ್ಯಾಸ್ ಈಥರ್‌ನಲ್ಲಿ ಕಟ್ಬೇಕು, ಅವನತ್ರ ಆ ಕಡೆ ಈಥರ್ ಒಂದು ಚೂರೂ ಇಲ್ಲ. ನಾನೇ ಒಂದಿಷ್ಟು ಕಳ್ಸ್ದೆ. ನೀವು ಯುಎಸ್‌ಡಿಸಿ ಕಳ್ಸೋಕೆ ಮುಂಚೆ ಒಂದೆರಡು ಡಾಲರಿನ ಈಥರ್ ಅಲ್ಲಿಗೆ ಹೋಗಿರ್ಲಿ, 2024ರ ಮಾರ್ಚಲ್ಲಿ ಎಥೀರಿಯಂಗೆ ಡೆನ್‌ಕುನ್ ಅಪ್‌ಗ್ರೇಡ್ ಆದ್ಮೇಲೆ ಆ ಕಡೆ ಫೀಸ್ ಬಹಳ ಕಮ್ಮಿ ಆಗಿದೆ, ಅಷ್ಟು ಸುಮಾರು ದಿನ ಬರತ್ತೆ.

ಬ್ರಿಡ್ಜ್ ಮಾಡುವಾಗ ವ್ಯಾಲೆಟ್ ಎರಡು ಸಲ ಕೇಳತ್ತೆ. ಮೊದ್ಲನೇದು ಅಪ್ರೂವ್, ಅಂದ್ರೆ ನನ್ನ ಯುಎಸ್‌ಡಿಸಿ ಮುಟ್ಟೋಕೆ ಈ ಕಾಂಟ್ರಾಕ್ಟ್‌ಗೆ ಪರ್ಮಿಷನ್. ಅಲ್ಲಿ ಒಂದು ಖರ್ಚಿನ ಮಿತಿ ಇರತ್ತೆ, ಕೆಲವು ಸೈಟ್‌ಗಳು ಅದ್ರಲ್ಲಿ ಅನ್‌ಲಿಮಿಟೆಡ್ ಅಂತ ತುಂಬಿರ್ತವೆ, ಸುಮ್ನೆ ಓಕೆ ಒತ್ಬೇಡಿ, ಅದನ್ನ ಅಳಿಸಿ 300 ಅಂತ ನೀವೇ ಬರೀರಿ. ಇಲ್ಲಾಂದ್ರೆ ನಾಳೆ ಆ ಕಾಂಟ್ರಾಕ್ಟಲ್ಲಿ ತೊಂದ್ರೆ ಬಂದ್ರೆ ಆಮೇಲೆ ಬಂದ ದುಡ್ಡಿಗೂ ಕೈ ಹಾಕ್ಬಹುದು. ಎರಡನೇದು ನಿಜವಾದ ಕಳ್ಸೋ ಟ್ರಾನ್ಸಾಕ್ಷನ್. ಎರಡಕ್ಕೂ ಎಥೀರಿಯಂ ಗ್ಯಾಸ್ ಬೀಳತ್ತೆ, 300 ಡಾಲರಿಗೆ ಎಷ್ಟು ಹೋಗತ್ತೆ ಅಂತ ಅಲ್ಲೇ ಕಾಣತ್ತೆ, ಜಾಸ್ತಿ ಅನ್ಸಿದ್ರೆ ಬಿಟ್ಟು ಭಾನುವಾರ ಬೆಳಿಗ್ಗೆ ನೋಡಿ, ಅಮೆರಿಕಾದವ್ರು ಮಲಗಿರೋ ಟೈಮಲ್ಲಿ ಸಾಮಾನ್ಯವಾಗಿ ಇಳಿದಿರತ್ತೆ. ಮೊದ್ಲು 20 ಡಾಲರ್ ಕಳ್ಸಿ ನೋಡೋದು ಒಳ್ಳೇದೇ, ಗ್ಯಾಸ್ ಕಮ್ಮಿ ಇದ್ರೆ ಖಂಡಿತ ಮಾಡಿ.

ಗೂಗಲ್‌ನಲ್ಲಿ "ಆರ್ಬಿಟ್ರಮ್ ಬ್ರಿಡ್ಜ್" ಅಂತ ಹುಡುಕಿ ಮೇಲೆ ಬಂದ ಆ್ಯಡ್ ಒತ್ಬೇಡಿ, ಡಿಟ್ಟೋ ಅದೇ ಥರ ಕಾಣೋ ನಕಲಿ ಸೈಟ್‌ಗಳು ಇರ್ತವೆ. ಆರ್ಬಿಟ್ರಮ್‌ನವರದೇ ಡಾಕ್ಯುಮೆಂಟೇಷನ್ ಪೇಜಿಂದ ಲಿಂಕ್ ತಗೊಂಡು ಬುಕ್‌ಮಾರ್ಕ್ ಮಾಡ್ಕೊಳಿ. ಮತ್ತೆ ಗ್ರೂಪಲ್ಲಿ "ಬ್ರಿಡ್ಜ್ ಸ್ಟಕ್ ಆಗಿದೆ" ಅಂತ ಬರೆದ ಎರಡೇ ನಿಮಿಷಕ್ಕೆ ಸಪೋರ್ಟ್ ಅಂತ ಯಾರೋ ಇನ್‌ಬಾಕ್ಸಿಗೆ ಬರ್ತಾನೆ, ವ್ಯಾಲೆಟ್ ವೆರಿಫೈ ಮಾಡಿ, 12 ಪದ (ವ್ಯಾಲೆಟ್‌ನ ಕೀ ವಾಪಸ್ ಪಡೆಯೋ ಗುಟ್ಟಿನ ಪದಗಳು) ಹಾಕಿ ಅಂತಾನೆ. ಬ್ಲಾಕ್ ಮಾಡಿ ಬಿಸಾಕಿ.

ಈ ದುಡ್ಡು ಈಗ ವ್ಯಾಲೆಟಲ್ಲಿದೆ ಅಂದ್ರಿ, ಹಾಗಾಗಿ ಬ್ರಿಡ್ಜ್ ಸರಿ. ಮುಂದೆ ತಗೋವಾಗ ಮಾತ್ರ ಎಕ್ಸ್‌ಚೇಂಜಲ್ಲೇ ವಿತ್‌ಡ್ರಾ ಪೇಜಲ್ಲಿ ನೆಟ್‌ವರ್ಕ್ ಆರ್ಬಿಟ್ರಮ್ ಅಂತ ಇದ್ಯಾ ನೋಡಿ, ಇದ್ರೆ ಈ ಬ್ರಿಡ್ಜ್ ಉಸಾಬರಿನೇ ಬೇಡ. ಟ್ಯಾಕ್ಸ್ ಬಗ್ಗೆ ಕೇಳಿರ್ಲಿಲ್ಲ, ಆದ್ರೂ ಹೇಳ್ತೀನಿ, 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ 30 ಪರ್ಸೆಂಟ್, ಒಂದರ ಲಾಸನ್ನ ಇನ್ನೊಂದರ ಲಾಭದಲ್ಲಿ ಕಳೆಯೋಹಾಗಿಲ್ಲ, ಹಾಗಾಗಿ ಎರಡು ಕಡೆದೂ ಟ್ರಾನ್ಸಾಕ್ಷನ್ ಹ್ಯಾಶ್ (ಆ ವ್ಯವಹಾರದ ಗುರುತಿನ ಕೋಡ್) ಒಂದು ಕಡೆ ಬರೆದಿಟ್ಕೊಳಿ, ನಾಳೆ ಆಡಿಟರ್ ಕೇಳಿದಾಗ ಇದು ನಂದೇ ದುಡ್ಡು, ಮಾರಿಲ್ಲ, ಜಾಗ ಬದಲಾಯಿಸಿದ್ದು ಅಂತ ತೋರ್ಸೋಕೆ ಬೇಕಾಗತ್ತೆ.

ಯಾವ ವ್ಯಾಲೆಟ್ ಬಳಸ್ತಿದೀರ ಅಂತ ಹೇಳಿದ್ರೆ ಟೋಕನ್ ಸೇರಿಸೋ ಆಪ್ಷನ್ ಎಲ್ಲಿದೆ ಅಂತ ಕೆಳಗೆ ಬರೀತೀನಿ.