ಬೇರೆಯವರ ಗೇಮ್ ಬರದ ಕನ್ಸೋಲ್ ಬೇಡ

ಪ್ರಶ್ನೆ: ಮಗನಿಗೆ ಪಿಯುಸಿ ಮುಗಿದ ಮೇಲೆ ಗೇಮ್ ಆಡುವ ಯಂತ್ರ, ಅಂದರೆ ಕನ್ಸೋಲ್, ಕೊಡಿಸುವುದಾಗಿ ಮಾತು ಕೊಟ್ಟಿದ್ದೆ. ಅವನಿಗೆ ಫುಟ್‌ಬಾಲ್ ಮತ್ತು ಕ್ರಿಕೆಟ್ ಗೇಮ್ ಬೇಕಂತೆ. ಅಂಗಡಿಯವರು ‘ಥರ್ಡ್ ಪಾರ್ಟಿ ಸಪೋರ್ಟ್ ನೋಡಿ ತಗೊಳ್ಳಿ’ ಅಂದರು. ಹಾಗಂದರೇನು? ಅದು ಅಷ್ಟು ಮುಖ್ಯವೇ?
– ವಿದ್ಯಾನಗರ, ದಾವಣಗೆರೆ

ಉತ್ತರ: ಅಂಗಡಿಯವರು ಹೇಳಿದ್ದು ಸರಿ. ಕನ್ಸೋಲ್ ಕಂಪನಿ ತಾನೇ ಮಾಡುವ ಗೇಮ್ ಫಸ್ಟ್ ಪಾರ್ಟಿ, ಹೊರಗಿನವರು ಮಾಡಿ ಅದಕ್ಕೆ ಕೊಡುವುದು ಥರ್ಡ್ ಪಾರ್ಟಿ. ನಿಮ್ಮ ಮಗ ಕೇಳುತ್ತಿರುವ ಎರಡೂ ಹೊರಗಿನವೇ. ಮೊದಲು ಫಿಫಾ ಆಗಿದ್ದು 2023ರಿಂದ ಎಫ್‌ಸಿ ಆಗಿರುವ ಫುಟ್‌ಬಾಲ್ ಗೇಮ್ ಅಮೆರಿಕದ ಇಎ ಕಂಪನಿಯದು. ‘ಕ್ರಿಕೆಟ್ 24’ ಮಾಡಿದ್ದು ಆಸ್ಟ್ರೇಲಿಯಾದ ಬಿಗ್ ಆ್ಯಂಟ್ ಸ್ಟುಡಿಯೋ.

ಇದರ ಮಹತ್ವ ತಿಳಿಯಲು ನಮ್ಮೂರ ಎಪಿಎಂಸಿಯನ್ನೇ ನೋಡಿ. ಖರೀದಿದಾರರಿಲ್ಲದ ಮಾರುಕಟ್ಟೆಗೆ ರೈತ ಮೆಕ್ಕೆಜೋಳ ತರುವುದಿಲ್ಲ, ಆವಕವಿಲ್ಲದ ಮಾರುಕಟ್ಟೆಗೆ ಖರೀದಿದಾರ ಬರುವುದಿಲ್ಲ. ಒಂದು ಗೇಮನ್ನು ಇನ್ನೊಂದು ಯಂತ್ರಕ್ಕೆ ಹೊಂದಿಸಬೇಕಾದರೆ, ಅಂದರೆ ಪೋರ್ಟ್ ಮಾಡಬೇಕಾದರೆ, ತಿಂಗಳುಗಟ್ಟಲೆ ಕೆಲಸ, ಸಂಬಳ, ಟೆಸ್ಟಿಂಗ್ ಎಲ್ಲ ಇದೆ. ಆ ಖರ್ಚು ಗಿಟ್ಟುವಷ್ಟು ಮನೆಗಳಲ್ಲಿ ಯಂತ್ರ ಇರಬೇಕು. ಡಿಜಿಟಲ್ ಸ್ಟೋರ್‌ನಲ್ಲಿ ಮಾರಾಟವಾಗುವ ಗೇಮಿನ ಬೆಲೆಯಲ್ಲಿ ಸುಮಾರು ಶೇ 30 ಕನ್ಸೋಲ್ ಕಂಪನಿಗೆ ಹೋಗುತ್ತದೆ. ಯಂತ್ರವನ್ನು ಕಡಿಮೆ ಲಾಭಕ್ಕೋ ನಷ್ಟಕ್ಕೋ ಮಾರುವ ಕಂಪನಿ ಬದುಕುವುದೇ ಈ ಕಮಿಷನ್ ಮೇಲೆ. ಹೊರಗಿನವರ ಆವಕ ನಿಂತರೆ ಕಮಿಷನ್ ನಿಲ್ಲುತ್ತದೆ, ಬೆಲೆ ಇಳಿಸುವ ಶಕ್ತಿಯೂ ಹೋಗುತ್ತದೆ.

1996ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ನಿಂಟೆಂಡೊ 64 ಕನ್ಸೋಲ್ ಇದಕ್ಕೆ ಒಳ್ಳೆಯ ಪಾಠ. ಗೇಮ್ ತುಂಬಿದ ಚಿಪ್ ಇರುವ ಅದರ ಕಾರ್ಟ್ರಿಡ್ಜ್‌ನಲ್ಲಿ ಹಿಡಿಯುತ್ತಿದ್ದುದು ಹೆಚ್ಚೆಂದರೆ 64 ಎಂಬಿ, ಸೋನಿಯ ಪ್ಲೇಸ್ಟೇಷನ್ನಿನ ಸಿಡಿಯಲ್ಲಿ ಸುಮಾರು 650 ಎಂಬಿ. ಕಾರ್ಟ್ರಿಡ್ಜ್ ತಯಾರಿಸುವ ಖರ್ಚೂ ಸಿಡಿಗಿಂತ ಎಷ್ಟೋ ಹೆಚ್ಚು. ಅಲ್ಲಿಯವರೆಗೆ ನಿಂಟೆಂಡೊ ಜೊತೆಗಿದ್ದ ಸ್ಕ್ವೇರ್ ಕಂಪನಿ 1997ರಲ್ಲಿ ‘ಫೈನಲ್ ಫ್ಯಾಂಟಸಿ’ಯ ಏಳನೆಯ ಗೇಮನ್ನು ಮೂರು ಸಿಡಿಗಳಲ್ಲಿ ಪ್ಲೇಸ್ಟೇಷನ್‌ಗೆ ಕೊಟ್ಟಿತು. ಕೊನೆಗೆ ಪ್ಲೇಸ್ಟೇಷನ್ ಮಾರಾಟ 10 ಕೋಟಿ ಯಂತ್ರ ದಾಟಿತು, ನಿಂಟೆಂಡೊ 64 ಸುಮಾರು 3.3 ಕೋಟಿಗೆ ನಿಂತಿತು. ನಿಂಟೆಂಡೊದ ಸ್ವಂತ ಗೇಮ್‌ಗಳು ಆಗಲೂ ಅದ್ಭುತವಾಗಿದ್ದವು ಎಂಬುದನ್ನು ಮರೆಯಬೇಡಿ. ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಕನ್ಸೋಲಿಗೆ ಇಎ ಒಂದು ಗೇಮನ್ನೂ ಕೊಡಲಿಲ್ಲ. ಎದುರಿಗೆ ಡಿವಿಡಿ ಓಡಿಸುವ ಪ್ಲೇಸ್ಟೇಷನ್ 2 ಬೇರೆ ಬಂತು, 2001ರಲ್ಲಿ ಸೆಗಾ ಅದರ ತಯಾರಿಕೆಯನ್ನೇ ನಿಲ್ಲಿಸಿತು.

ಗೇಮ್ ಬಂದರಷ್ಟೇ ಸಾಲದು, ಪೂರ್ತಿಯಾಗಿ ಬರಬೇಕು. ನಿಂಟೆಂಡೊದ ಸ್ವಿಚ್ ಕನ್ಸೋಲಿಗೆ ಬಂದ ಫಿಫಾ 20ರಿಂದ 23ರವರೆಗಿನವು ‘ಲೆಗಸಿ ಎಡಿಷನ್’ಗಳು. ತಂಡದ ಪಟ್ಟಿ, ಜೆರ್ಸಿ ಹೊಸದು, ಆಟ ಹಳೆಯದೇ. ಹಾಗಾಗಿ ಮಗನಿಂದ ಐದು ಗೇಮ್‌ಗಳ ಹೆಸರು ಬರೆಸಿಕೊಳ್ಳಿ. ಒಂದೊಂದನ್ನೂ ಆಯಾ ಕನ್ಸೋಲಿನ ಸ್ಟೋರ್‌ನಲ್ಲಿ ಹುಡುಕಿ, ಬೇರೆ ಕನ್ಸೋಲಿಗೆ ಬಂದ ದಿನವೇ ಇಲ್ಲಿಗೂ ಬಂದಿದೆಯೇ ನೋಡಿ. ‘ಲೆಗಸಿ ಎಡಿಷನ್’, ‘ಕ್ಲೌಡ್ ವರ್ಷನ್’ ಎಂದಿದ್ದರೆ ಕೈಬಿಡಿ. ಕ್ಲೌಡ್ ವರ್ಷನ್ ಓಡುವುದು ದೂರದ ಸರ್ವರ್‌ನಲ್ಲಿ, ಮನೆಯ ನೆಟ್ ತೊದಲಿದರೆ ಆಟವೂ ತೊದಲುತ್ತದೆ. ನಿಮ್ಮ ಮಗನ ಎರಡು ಗೇಮ್‌ಗಳಿಗಾದರೆ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 (ಪಿಎಸ್5) ನಮ್ಮ ಸಲಹೆ. ಪಿಎಸ್4ರ ಬಹುತೇಕ ಹಳೆಯ ಡಿಸ್ಕ್‌ಗಳೂ ಅದರಲ್ಲಿ ಓಡುತ್ತವೆ. ಸ್ನೇಹಿತರ ಜೊತೆ ಆನ್‌ಲೈನ್‌ನಲ್ಲಿ ಎಫ್‌ಸಿ ಆಡಲು ಸೋನಿಯ ಪಿಎಸ್ ಪ್ಲಸ್ ಸೇವೆಯ ಚಂದಾ ಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ಕಾಲೇಜು ಹುಡುಗರಿಗಾಗಿ ಗೇಮ್ ಪಾರ್ಲರ್ ತೆರೆಯುವ ಯೋಚನೆಯಿದೆ. ಮೈಕ್ರೋಸಾಫ್ಟ್‌ನ ಸೆಕೆಂಡ್ ಹ್ಯಾಂಡ್ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ನಾಲ್ಕು ಅಗ್ಗಕ್ಕೆ ಸಿಗುತ್ತಿವೆ. ಎಲ್ಲ ಗೇಮ್ ಅದಕ್ಕೂ ಬರುತ್ತವಲ್ಲ, ತಗೊಳ್ಳಬಹುದಾ?
– ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಉತ್ತರ: ಪಾರ್ಲರ್‌ಗೆ ಅದು ಸರಿಹೋಗುವುದಿಲ್ಲ. ಇದರ ದೊಡ್ಡಣ್ಣ ಸೀರೀಸ್ ಎಕ್ಸ್‌ನಲ್ಲಿ 16 ಜಿಬಿ ಮೆಮೊರಿ, ಎಸ್‌ನಲ್ಲಿ 10 ಜಿಬಿ. ಹೊರಗಿನ ಸ್ಟುಡಿಯೋಗಳು ಎಡವುವುದು ಇಲ್ಲೇ. ‘ಬಾಲ್ಡರ್ಸ್ ಗೇಟ್ 3’ ಪಿಎಸ್5ಗೆ 2023ರ ಸೆಪ್ಟೆಂಬರ್‌ನಲ್ಲಿ ಬಂತು, ಎಕ್ಸ್‌ಬಾಕ್ಸ್‌ಗೆ ಡಿಸೆಂಬರ್‌ನಲ್ಲಿ. ಒಂದೇ ಟಿವಿಯಲ್ಲಿ ಇಬ್ಬರು ಆಡುವ ಸ್ಪ್ಲಿಟ್ ಸ್ಕ್ರೀನ್ ಎಸ್‌ನಲ್ಲಿ ಆಗ ಇರಲೇ ಇಲ್ಲ, 2025ರ ಅಪ್‌ಡೇಟ್‌ವರೆಗೂ ಕಾಯಬೇಕಾಯಿತು. ಪಾರ್ಲರ್ ನಡೆಯುವುದೇ ಜೋಡಿ ಕೂತು ಆಡುವವರಿಂದ, ಹಾಗಾಗಿ ಇಂಥ ಕೊರತೆ ನಿಮ್ಮ ಗಲ್ಲಾಪೆಟ್ಟಿಗೆಗೇ ತಟ್ಟುತ್ತದೆ.

ಇನ್ನೊಂದು, ಎಸ್‌ಗೆ ಡಿಸ್ಕ್ ಡ್ರೈವ್ ಇಲ್ಲ. ಹಳೆಯ ಡಿಸ್ಕ್ ಕೊಳ್ಳುವುದು, ಆಡಿ ಮುಗಿಸಿ ಮಾರುವುದು ಎರಡೂ ಆಗುವುದಿಲ್ಲ. 512 ಜಿಬಿ ಮಾದರಿಯಲ್ಲಿ ಗೇಮ್‌ಗೆ ಸಿಗುವ ಜಾಗ ಸುಮಾರು 364 ಜಿಬಿ. ದೊಡ್ಡ ಗೇಮ್‌ಗಳು 100 ಜಿಬಿ ದಾಟುವುದರಿಂದ ಮೂರಕ್ಕೇ ತುಂಬಿಹೋಗುತ್ತದೆ. ಯುಎಸ್‌ಬಿ ಹಾರ್ಡ್ ಡಿಸ್ಕ್ ಹಾಕಿದರೆ ಹೊಸ ಪೀಳಿಗೆಯ ಗೇಮ್‌ಗಳನ್ನು ಅದರಲ್ಲಿ ಇಟ್ಟುಕೊಳ್ಳಬಹುದೇ ಹೊರತು ಅಲ್ಲಿಂದಲೇ ಆಡಲು ಬರುವುದಿಲ್ಲ.

ನಾಲ್ಕರ ಬದಲು ಡಿಸ್ಕ್ ಡ್ರೈವ್ ಇರುವ ಪಿಎಸ್5 ಎರಡು ತಗೊಂಡರೂ ಲಾಭ. ಜಾಗ ಸಾಲದಿದ್ದರೆ ಒಳಗೆ ಕೂರುವ ಸಣ್ಣ ಸ್ಟೋರೇಜ್ ಪಟ್ಟಿ, ಅಂದರೆ ಎಂ.2 ಎಸ್‌ಎಸ್‌ಡಿ, ಹಾಕಿಸಿ. ಅದು ಪಿಸಿಐಇ ನಾಲ್ಕನೇ ಪೀಳಿಗೆಯದಾಗಿರಬೇಕು, ಓದುವ ವೇಗ ಸೆಕೆಂಡಿಗೆ 5,500 ಎಂಬಿಗೆ ಕಡಿಮೆ ಇರಬಾರದು. ಬಿಸಿ ಹೊರಹಾಕುವ ಹೀಟ್‌ಸಿಂಕ್ ಕಡ್ಡಾಯ, ಆದರೆ ಅದೂ ಸೇರಿ ದಪ್ಪ 11.25 ಮಿ.ಮೀ. ಮೀರಿದರೆ ಒಳಗೆ ಕೂರುವುದಿಲ್ಲ. ಮೊದಲ ಸಲ ಆನ್ ಮಾಡಿದಾಗ ಎಸ್‌ಎಸ್‌ಡಿ ಫಾರ್ಮ್ಯಾಟ್ ಆಗುತ್ತದೆ, ಅದರಲ್ಲಿ ಹಳೆಯ ಫೈಲ್ ಇದ್ದರೆ ಮೊದಲೇ ತೆಗೆದಿಟ್ಟುಕೊಳ್ಳಿ. ಗೇಮ್ ಲೈಸೆನ್ಸ್‌ಗಳು ಸಾಮಾನ್ಯವಾಗಿ ಖಾಸಗಿ ಬಳಕೆಗೆ ಮಾತ್ರ ಇರುತ್ತವೆ. ಅಂಗಡಿ ಬಾಡಿಗೆಗೆ ಅಡ್ವಾನ್ಸ್ ಕೊಡುವ ಮೊದಲೇ ಆ ಷರತ್ತುಗಳನ್ನು ಓದಿ.

ಪ್ರಶ್ನೆ: ವೀ ಯು ಸೋತಿತು, ಸ್ವಿಚ್ ಗೆದ್ದಿತು. ಎರಡೂ ನಿಂಟೆಂಡೊದ್ದೇ. ಸ್ವಿಚ್‌ನ ಶಕ್ತಿ ಪಿಎಸ್4ಗಿಂತ ಕಡಿಮೆ ಇದ್ದರೂ ಇದು ಹೇಗಾಯಿತು?
– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: 2012ರ ವೀ ಯು ಹಳೆಯ ಪವರ್‌ಪಿಸಿ ಪ್ರೊಸೆಸರ್ ಮೇಲೆ ನಿಂತಿತ್ತು. ಮರುವರ್ಷವೇ ಪಿಎಸ್4, ಎಕ್ಸ್‌ಬಾಕ್ಸ್ ಒನ್ ಎರಡೂ ಪಿಸಿಯ ಎಕ್ಸ್86 ಪ್ರೊಸೆಸರ್ ಹಾದಿ ಹಿಡಿದವು, ವೀ ಯು ಒಂಟಿಯಾಯಿತು. 2013ರ ನಂತರ ಇಎ ಅದಕ್ಕೆ ಗೇಮ್ ಕೊಡಲಿಲ್ಲ, ಯಂತ್ರದ ಮಾರಾಟ ಸುಮಾರು 1.36 ಕೋಟಿಗೆ ನಿಂತಿತು. 2017ರ ಸ್ವಿಚ್‌ನಲ್ಲಿದ್ದುದು ಎನ್ವಿಡಿಯಾದ ಟೆಗ್ರಾ ಚಿಪ್. ಗೇಮ್ ಕಟ್ಟಲು ಬಳಸುವ ಯೂನಿಟಿ, ಅನ್‌ರಿಯಲ್ ಎಂಜಿನ್‌ಗಳು ಅದಕ್ಕೆ ಸಿದ್ಧವಾಗಿ ಸಿಕ್ಕಿದ್ದರಿಂದ ಸಣ್ಣ ಸ್ಟುಡಿಯೋಗಳಿಗೂ ಪೋರ್ಟ್ ಮಾಡುವುದು ಕೈಗೆಟುಕಿತು. ನಾಲ್ಕು ಜನರ ತಂಡವೊಂದು ಪಿಸಿಗೆ ಮಾಡಿದ ಗೇಮನ್ನು ಸ್ವಿಚ್‌ಗೂ ತರುವಷ್ಟು ಖರ್ಚು ಇಳಿದದ್ದೇ ವೀ ಯು ಕಾಲಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ.